ಸ್ಮಾರ್ಟ್ ಸ್ಪೀಕರ್‌ನ ಕಿವಿಗೆ ಕಡಿವಾಣ: ಮೊದಲು ಪರೀಕ್ಷೆ, ಆಮೇಲೆ ಸೆಟ್ಟಿಂಗ್

ಮಾತಿನ ಆದೇಶ ಕೇಳಿ ಕೆಲಸ ಮಾಡುವ ನಿಮ್ಮ ಮನೆಯ ಸ್ಮಾರ್ಟ್ ಸ್ಪೀಕರ್‌ನಲ್ಲಿರುವುದು ಅಲೆಕ್ಸಾ ಆಗಿರಲಿ, ಗೂಗಲ್ ಅಸಿಸ್ಟೆಂಟ್ ಆಗಿರಲಿ, ಅದರ ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಅದು ಈವರೆಗೆ ಉಳಿಸಿಕೊಂಡಿರುವ ರೆಕಾರ್ಡಿಂಗ್‌ಗಳನ್ನು ಕೂತು ಕೇಳಿ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡುತ್ತಾರೆ, ಆಮೇಲೆ ತಮ್ಮ ಮನೆಯಲ್ಲಿ ಮಾತು ಸೋರುತ್ತಿದ್ದದ್ದು ಎಲ್ಲಿಂದ ಎಂದು ತಿಳಿಯಲು ಸಾಕ್ಷಿಯೇ ಉಳಿದಿರುವುದಿಲ್ಲ. ಅರ್ಧ ಗಂಟೆ ಬಿಡುವು, ಒಂದು ಹಾಳೆ, ಒಂದು ಪೆನ್ನು ಇದ್ದರೆ ಸಾಕು.

ಅಲೆಕ್ಸಾ ಆ್ಯಪ್‌ನಲ್ಲಿ 'ಮೋರ್' ಒತ್ತಿ, 'ಅಲೆಕ್ಸಾ ಪ್ರೈವಸಿ'ಗೆ ಹೋಗಿ, 'ರಿವ್ಯೂ ವಾಯ್ಸ್ ಹಿಸ್ಟರಿ' ತೆರೆಯಿರಿ. ದಿನಾಂಕ ಮತ್ತು ಸಾಧನದ ಪ್ರಕಾರ ಸೋಸಿ, ಕಳೆದ ಎರಡು ವಾರದ ಪಟ್ಟಿ ತೆಗೆಯಿರಿ. ಪ್ರತಿ ಸಾಲಿನ ಪಕ್ಕದ ಬಾಣದ ಗುರುತು ಒತ್ತಿದರೆ ಆಡಿಯೋ ಕೇಳಿಸುತ್ತದೆ. ಗೂಗಲ್‌ನಲ್ಲಾದರೆ ಬ್ರೌಸರ್‌ನಲ್ಲಿ 'ಮೈ ಆ್ಯಕ್ಟಿವಿಟಿ' ಪುಟ ತೆರೆದು 'ಅಸಿಸ್ಟೆಂಟ್' ಎಂದು ಸೋಸಿ. ಅಲ್ಲಿ ಆಡಿಯೋ ಸಿಗುವುದು 'ವಾಯ್ಸ್ ಆ್ಯಂಡ್ ಆಡಿಯೋ ಆ್ಯಕ್ಟಿವಿಟಿ' ಚಾಲೂ ಇದ್ದರೆ ಮಾತ್ರ, ಇಲ್ಲದಿದ್ದರೆ ಬರಹವಷ್ಟೇ. ಆಪಲ್‌ನ ಸಿರಿಯಲ್ಲಿ ಈ ಸೌಲಭ್ಯವಿಲ್ಲ. ಆಪಲ್ ರೆಕಾರ್ಡಿಂಗ್‌ಗಳನ್ನು ನಿಮ್ಮ ಖಾತೆಯ ಬದಲು ಒಂದು ಯಾದೃಚ್ಛಿಕ ಗುರುತಿನ ಸಂಖ್ಯೆಗೆ ಜೋಡಿಸುತ್ತದೆ. ಹಾಗಾಗಿ ಅಳಿಸಬಹುದು, ಕೂತು ಕೇಳಲು ಆಗುವುದಿಲ್ಲ. ಮೆನುಗಳು ಅಪ್‌ಡೇಟ್ ಬಂದಾಗಲೆಲ್ಲ ಜಾಗ ಬದಲಿಸುತ್ತವೆ. ಹೇಳಿದ ಕಡೆ ಸಿಗದಿದ್ದರೆ 'ಪ್ರೈವಸಿ' ಎಂಬ ಪದದ ಸುತ್ತಮುತ್ತ ಹುಡುಕಿ.

ಹುಡುಕಬೇಕಾದದ್ದು ನೀವು ಕೇಳಿದ ಹಾಡು, ಹವಾಮಾನದ ಸಾಲುಗಳನ್ನಲ್ಲ, ನೀವು ಕರೆಯದೆ ಎದ್ದ ಸಾಲುಗಳನ್ನು. ಅಲೆಕ್ಸಾದಲ್ಲಿ ಇಂಥವುಗಳ ಪಕ್ಕದಲ್ಲಿ 'ಆಡಿಯೋ ವಾಸ್ ನಾಟ್ ಇಂಟೆಂಡೆಡ್ ಫಾರ್ ಅಲೆಕ್ಸಾ' ಎಂಬ ಟಿಪ್ಪಣಿ ಕಾಣಿಸುತ್ತದೆ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ಕೋಣೆಯ ಸಾಧನ, ಎಷ್ಟು ಹೊತ್ತಿಗೆ, ಟಿವಿ ನಡೆಯುತ್ತಿತ್ತೇ, ಯಾರು ಏನು ಮಾತಾಡುತ್ತಿದ್ದರು. ಹತ್ತಿಪ್ಪತ್ತು ಸಾಲು ಆಗುವಷ್ಟರಲ್ಲಿ ಒಂದು ವಿನ್ಯಾಸ ಕಣ್ಣಿಗೆ ಬೀಳುತ್ತದೆ. ಎಲ್ಲವೂ ಒಂದೇ ಕೋಣೆಯದ್ದಾದರೆ ಸಾಧನದ ಜಾಗ ಸರಿಯಿಲ್ಲ. ಎಲ್ಲವೂ ಟಿವಿ ಹೊತ್ತಿನದ್ದಾದರೆ ಟಿವಿಯೇ ಅದನ್ನು ಕರೆಯುತ್ತಿದೆ. ಒಬ್ಬರೇ ವ್ಯಕ್ತಿಯ ಮಾತಿಗೆ ಏಳುತ್ತಿದ್ದರೆ ಅವರು ಪದೇಪದೇ ಬಳಸುವ ಯಾವುದೋ ಪದ ಅದರ ಕಿವಿಗೆ ತನ್ನ ಹೆಸರಿನಂತೆ ಕೇಳಿಸುತ್ತಿದೆ.

ಕರೆಯದೆ ಏಕೆ ಏಳುತ್ತದೆ

ಸ್ಪೀಕರ್‌ನ ಮೈಕ್ ಸದಾ ತೆರೆದಿರುವುದು ನಿಜ. ಆದರೆ ಸದಾ ಕಳಿಸುತ್ತಿರುವುದಿಲ್ಲ. ಕೊನೆಯ ಕೆಲವು ಸೆಕೆಂಡಿನ ಸದ್ದು ಅದರ ಮೆಮೊರಿಯಲ್ಲಿ ಸುತ್ತುತ್ತಿರುತ್ತದೆ, ಹೊಸದು ಬಂದಂತೆ ಹಳೆಯದರ ಮೇಲೆ ಬರೆದುಕೊಂಡು ಹೋಗುತ್ತದೆ. ಒಳಗಿರುವ ಒಂದು ಪುಟ್ಟ ಪ್ರೋಗ್ರಾಂ ಆ ಸದ್ದನ್ನು ಎಬ್ಬಿಸುವ ಮಾತಿನ ಜೊತೆ, ಅಂದರೆ ವೇಕ್ ವರ್ಡ್ ಜೊತೆ, ತಾಳೆ ನೋಡುತ್ತಲೇ ಇರುತ್ತದೆ. ಹೋಲಿಕೆ ಒಂದು ಮಟ್ಟ ದಾಟಿದರೆ ದೀಪ ಹೊತ್ತಿಕೊಳ್ಳುತ್ತದೆ, ಸದ್ದು ಕಂಪನಿಯ ಸರ್ವರ್‌ಗೆ ಹರಿಯಲು ಶುರುವಾಗುತ್ತದೆ. ಸರ್ವರ್‌ನಲ್ಲಿ ಇನ್ನೂ ದೊಡ್ಡ ಪ್ರೋಗ್ರಾಂ ಅದನ್ನೇ ಮತ್ತೊಮ್ಮೆ ಪರೀಕ್ಷಿಸಿ, ಇದು ಕರೆದದ್ದಲ್ಲ ಅನಿಸಿದರೆ ಸಂಪರ್ಕ ಕಡಿಯುತ್ತದೆ. ದೀಪ ಒಮ್ಮೆ ಮಿನುಗಿ ಆರಿಹೋಯಿತು, ಏನೂ ಆಗಲಿಲ್ಲ ಎಂದುಕೊಳ್ಳುತ್ತೇವೆ. ಆದರೆ ಆ ಮೊದಲ ಕೆಲವು ಸೆಕೆಂಡು ಅಷ್ಟರಲ್ಲಿ ಮನೆ ಬಿಟ್ಟು ಹೋಗಿ ಆಗಿರುತ್ತದೆ.

ಮಟ್ಟವನ್ನು ಬಿಗಿ ಮಾಡಿದರೆ ಹತ್ತು ಸಲ ಕೂಗಿದರೂ ಏಳುವುದಿಲ್ಲ ಎಂದು ಜನ ಬೈಯುತ್ತಾರೆ. ಸಡಿಲ ಮಾಡಿದರೆ ಸುಮ್ಮಸುಮ್ಮನೆ ಏಳುತ್ತದೆ. ಮಾರುವವರು ಸಡಿಲದ ಕಡೆಗೇ ವಾಲುವುದು ಸಹಜ. ಜರ್ಮನಿಯ ರೂರ್ ವಿಶ್ವವಿದ್ಯಾಲಯದ ತಂಡದ ಸಂಶೋಧಕರು 2020ರಲ್ಲಿ ಸಾಧನಗಳನ್ನು ತಪ್ಪಾಗಿ ಎಬ್ಬಿಸುವ 1000ಕ್ಕೂ ಹೆಚ್ಚು ಪದ, ಪದಗುಚ್ಛಗಳನ್ನು ಪಟ್ಟಿ ಮಾಡಿದರು. 'ಎಲೆಕ್ಷನ್' ಎಂದರೆ ಅಲೆಕ್ಸಾ, 'ಓಕೆ ಕೂಲ್' ಎಂದರೆ ಗೂಗಲ್, 'ಎ ಸಿಟಿ' ಎಂದರೆ ಸಿರಿ ಎದ್ದ ಉದಾಹರಣೆಗಳು ಅದರಲ್ಲಿವೆ. ಇವು ಇಂಗ್ಲಿಷಿನವು. ನಿಮ್ಮ ಮನೆಯ ಕನ್ನಡಕ್ಕೆ ಏಳುವ ಪದಗಳ ಪಟ್ಟಿಯನ್ನು ನೀವೇ ಮಾಡಿಕೊಳ್ಳಬೇಕು, ಹಾಳೆ ಪೆನ್ನು ಬೇಕೆಂದದ್ದು ಅದಕ್ಕೇ.

ತಪ್ಪು ಕೇಳಿಸಿಕೊಂಡದ್ದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದದ್ದನ್ನು ನೋಡಿ. ಮನೆಯ ಖಾಸಗಿ ಮಾತು ರೆಕಾರ್ಡ್ ಆಗಿ ಪರಿಚಯದವರೊಬ್ಬರಿಗೆ ಸಂದೇಶವಾಗಿ ಹೋಯಿತು. ಅಲೆಕ್ಸಾ ತಯಾರಿಸುವ ಅಮೆಜಾನ್ ಕೊಟ್ಟ ವಿವರಣೆಯ ಪ್ರಕಾರ ಸಾಧನ ಸಾಲಾಗಿ ನಾಲ್ಕು ಸಲ ತಪ್ಪಿತ್ತು. ಯಾವುದೋ ಪದವನ್ನು ತನ್ನ ಹೆಸರು ಎಂದುಕೊಂಡಿತು. ಮುಂದಿನ ಮಾತನ್ನು 'ಸಂದೇಶ ಕಳಿಸು' ಎಂದುಕೊಂಡಿತು. 'ಯಾರಿಗೆ' ಎಂದು ಕೇಳಿ, ಹಿನ್ನೆಲೆಯ ಮಾತಿನಲ್ಲಿ ಒಂದು ಹೆಸರು ಹೆಕ್ಕಿಕೊಂಡಿತು. ಕೊನೆಗೆ 'ಇವರಿಗೇ ತಾನೆ' ಎಂದು ಕೇಳಿದಾಗ ಮತ್ತಾವುದೋ ಪದವನ್ನು 'ಹೌದು' ಎಂದು ತಿಳಿಯಿತು. ಈ ಸರಪಳಿಯ ಎರಡು ಕೊಂಡಿ ನಿಮ್ಮ ಕೈಯಲ್ಲಿವೆ. ಒಂದು, ಸಾಧನಕ್ಕೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನು ಕೊಟ್ಟಿರುವುದು. ಎರಡು, ಅದರ ಉತ್ತರ ಕೇಳಿಸದಷ್ಟು ವಾಲ್ಯೂಮ್ ಇಳಿಸಿಟ್ಟಿರುವುದು.

ಏಳುವುದನ್ನೇ ಕಡಿಮೆ ಮಾಡಿ

ಇಲ್ಲಿ ಪಡೆಯುವ ಲಾಭ ಮುಂದಿನ ಯಾವ ಸೆಟ್ಟಿಂಗ್‌ನಿಂದಲೂ ಸಿಗುವುದಿಲ್ಲ. ಮನೆಯಿಂದ ಹೊರಗೆ ಹೋಗದ ಸದ್ದನ್ನು ಅಳಿಸುವ ತಾಪತ್ರಯವೂ ಇಲ್ಲ, ಅಳಿಸಿದರೋ ಇಲ್ಲವೋ ಎಂಬ ಅನುಮಾನವೂ ಇಲ್ಲ.

ಸಾಧನವನ್ನು ಟಿವಿಯಿಂದ ಕನಿಷ್ಠ ಎರಡು ಮೀಟರ್ ದೂರಕ್ಕೆ, ಟಿವಿಯ ಸ್ಪೀಕರ್‌ನ ಸದ್ದು ನೇರ ಬೀಳದ ಕಡೆಗೆ ಸರಿಸಿ. ಮಲಗುವ ಕೋಣೆ, ಮನೆಯಿಂದಲೇ ಆಫೀಸಿನ ಕರೆ ಮಾಡುವ ಮೇಜು, ಇವೆರಡೂ ಕಡೆ ಬೇಡವೇ ಬೇಡ. ಅಲಾರಂಗೆಂದು ತಲೆದಿಂಬಿನ ಪಕ್ಕ ಮೈಕ್ ಇಟ್ಟುಕೊಳ್ಳುವುದು ನಮ್ಮ ಲೆಕ್ಕದಲ್ಲಿ ಲಾಭದ ವ್ಯಾಪಾರವಲ್ಲ. ಕಿಟಕಿಯ ಹತ್ತಿರವೂ ಇಡಬೇಡಿ. ಹೊರಗಿನವರು ಕೂಗಿದರೆ ಕೇಳಿಸುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಸ್ವಲ್ಪ ವಿಚಿತ್ರವಾದದ್ದು: ಈ ಸಾಧನಗಳ ಪುಟ್ಟ ಮೈಕ್‌ಗಳು ಬೆಳಕಿನ ಏರಿಳಿತವನ್ನೂ ಸದ್ದು ಎಂದು ತಿಳಿಯುತ್ತವೆ. ಮಿಷಿಗನ್ ವಿಶ್ವವಿದ್ಯಾಲಯ ಮತ್ತು ಟೋಕಿಯೊದ ಸಂಶೋಧಕರು 2019ರಲ್ಲಿ ಲೇಸರ್ ಬೆಳಕಿನ ಮೂಲಕ 110 ಮೀಟರ್ ದೂರದಿಂದ ಆದೇಶ ಕೊಟ್ಟು ತೋರಿಸಿದರು. ಯಾರೋ ನಿಮ್ಮ ಮನೆಗೆ ಲೇಸರ್ ಹಿಡಿದುಕೊಂಡು ಬರುತ್ತಾರೆ ಎಂದಲ್ಲ, ಆದರೆ ಸ್ಪೀಕರ್‌ಗೆ ಬಾಗಿಲಿನ ಬೀಗ ಜೋಡಿಸಿದ್ದರೆ ಅದು ಕಿಟಕಿಗೆ ಕಾಣುವಂತಿರಬಾರದು.

ಆಮೇಲೆ ಹೆಸರು. ಅಲೆಕ್ಸಾ ಸಾಧನದ ಸೆಟ್ಟಿಂಗ್‌ನಲ್ಲಿ ಎಬ್ಬಿಸುವ ಮಾತನ್ನು 'ಅಮೆಜಾನ್', 'ಎಕೋ', 'ಕಂಪ್ಯೂಟರ್' ಎಂದು ಬದಲಿಸಬಹುದು. ದಿನವೂ ಕಂಪ್ಯೂಟರ್ ಬಗ್ಗೆ ಮಾತಾಡುವ ಮನೆಯಲ್ಲಿ ಕೊನೆಯದನ್ನು ಆರಿಸಿಕೊಂಡರೆ ಬೆಕ್ಕಿನ ಕುತ್ತಿಗೆಗೆ ಹಾಲಿನ ಪಾತ್ರೆ ಕಟ್ಟಿದಂತೆ. ಗೂಗಲ್‌ನಲ್ಲಿ ಹೆಸರು ಬದಲಿಸಲು ಬರುವುದಿಲ್ಲ, ಬದಲಿಗೆ ಗೂಗಲ್ ಹೋಮ್ ಆ್ಯಪ್‌ನಲ್ಲಿ ಸಾಧನದ ಸೆಟ್ಟಿಂಗ್‌ಗೆ ಹೋಗಿ 'ಹೇ ಗೂಗಲ್ ಸೆನ್ಸಿಟಿವಿಟಿ' ಎಂಬ ಜಾರುಪಟ್ಟಿಯನ್ನು ಇಳಿಸಬಹುದು. ಒಂದು ಸಲಕ್ಕೆ ಒಂದೇ ಮೆಟ್ಟಿಲು ಇಳಿಸಿ, ಒಂದು ವಾರ ಬಿಟ್ಟು ಪಟ್ಟಿಯನ್ನು ಮತ್ತೆ ನೋಡಿ. ಒಮ್ಮೆಲೇ ಕೆಳಕ್ಕೆ ಎಳೆದರೆ ವಯಸ್ಸಾದವರ, ಮಕ್ಕಳ ಮೆಲುದನಿಗೆ ಅದು ಏಳುವುದೇ ಇಲ್ಲ. ಬೇಸತ್ತ ಮನೆಯವರು ಯಾರೋ ಅದನ್ನು ಮತ್ತೆ ಮೇಲಕ್ಕೆ ಎಳೆದಿಡುತ್ತಾರೆ.

ಇನ್ನೊಂದು ಸಣ್ಣ ಸೆಟ್ಟಿಂಗ್ ಇದೆ, ಖರ್ಚಿಲ್ಲದ್ದು: ಕೇಳಲು ಶುರುಮಾಡಿದಾಗ 'ಟಿಂಗ್' ಎನ್ನುವ ಸದ್ದು. ಅಲೆಕ್ಸಾದಲ್ಲಿ ಸಾಧನದ ಸೌಂಡ್ ಸೆಟ್ಟಿಂಗ್ ಒಳಗೆ 'ಸ್ಟಾರ್ಟ್ ಆಫ್ ರಿಕ್ವೆಸ್ಟ್', ಗೂಗಲ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ 'ಪ್ಲೇ ಸ್ಟಾರ್ಟ್ ಸೌಂಡ್'. ದೀಪ ನಮ್ಮ ಬೆನ್ನ ಹಿಂದೆ ಹೊತ್ತಿ ಆರಬಹುದು. ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ.

ಮೈಕ್ ಗುಂಡಿಯನ್ನು ನಂಬಿ, ಆದರೆ ಪರೀಕ್ಷಿಸಿ

ಅಲೆಕ್ಸಾ ಇರುವ ಅಮೆಜಾನ್‌ನ ಎಕೋ ಸ್ಪೀಕರ್‌ನ ಮೇಲಿರುವ ಮೈಕ್ ಗುಂಡಿ ಒತ್ತಿದರೆ ಕೆಂಪು ದೀಪ ಬರುತ್ತದೆ. ಗೂಗಲ್ ನೆಸ್ಟ್ ಮಿನಿಯಲ್ಲಿ ವಯರ್ ಹತ್ತಿರದ ಪುಟ್ಟ ಸ್ವಿಚ್ ಜಾರಿಸಿದರೆ ಕಿತ್ತಳೆ ಬಣ್ಣ. ಆಪಲ್ ಹೋಮ್‌ಪಾಡ್‌ನಲ್ಲಿ ಇಂಥ ಗುಂಡಿಯೇ ಇಲ್ಲ. ಸಿರಿಗೆ ಕೇಳುವುದನ್ನು ನಿಲ್ಲಿಸು ಎಂದು ಬಾಯಲ್ಲಿ ಹೇಳಬೇಕು, ಅಥವಾ ಹೋಮ್ ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಬೇಕು. ಮುಖ್ಯವಾದ ಮಾತು ನಡೆಯುವಾಗ ಅದರ ಪ್ಲಗ್ ಕಿತ್ತಿಡುವುದೇ ವಾಸಿ.

ಗುಂಡಿಯ ಪರೀಕ್ಷೆ ಹೀಗೆ. ಮೈಕ್ ಆಫ್ ಮಾಡಿ, ಒಂದು ಮೀಟರ್ ದೂರ ನಿಂತು ಐದು ಸಲ ಸ್ಪಷ್ಟವಾಗಿ ಕರೆಯಿರಿ. ಹತ್ತು ನಿಮಿಷ ಬಿಟ್ಟು ಹಿಸ್ಟರಿ ನೋಡಿ, ಒಂದೂ ಸಾಲು ಸೇರಿರಬಾರದು. ಈಗ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ಸಾಧನ ಪೂರ್ತಿ ಚಾಲೂ ಆದ ಮೇಲೆ ಕೆಂಪು ಅಥವಾ ಕಿತ್ತಳೆ ದೀಪ ಇನ್ನೂ ಇದೆಯೇ? ಇಲ್ಲದಿದ್ದರೆ ಕರೆಂಟ್ ಹೋಗಿಬಂದಾಗಲೆಲ್ಲ ನಿಮ್ಮ ಮೈಕ್ ತಾನೇ ತೆರೆದುಕೊಳ್ಳುತ್ತದೆ ಎಂದರ್ಥ.

ಪರದೆಯಿರುವ ಸಾಧನಗಳಲ್ಲಿ ಒಂದು ಮೋಸದ ಜಾಗವಿದೆ. ಎಕೋ ಶೋನಂಥವುಗಳಲ್ಲಿ ಕ್ಯಾಮೆರಾದ ಮೇಲೆ ಜಾರಿಸುವ ಮುಚ್ಚಳ ಮುಚ್ಚುವುದು ಕ್ಯಾಮೆರಾವನ್ನು ಮಾತ್ರ. ಮೈಕ್ ಹಾಗೇ ತೆರೆದಿರುತ್ತದೆ, ಅದಕ್ಕೆ ಬೇರೆ ಗುಂಡಿ. ಮುಚ್ಚಳ ಎಳೆದು ನೆಮ್ಮದಿಯಿಂದ ಮಾತಾಡುವವರೇ ಹೆಚ್ಚು.

ಸರ್ವರ್‌ನಲ್ಲಿ ಉಳಿಯುವುದನ್ನು ಕತ್ತರಿಸಿ

ಈಗ ಸೆಟ್ಟಿಂಗ್. ಅಲೆಕ್ಸಾ ಪ್ರೈವಸಿಯ ಒಳಗೆ 'ಮ್ಯಾನೇಜ್ ಯುವರ್ ಅಲೆಕ್ಸಾ ಡೇಟಾ' ತೆರೆದರೆ ರೆಕಾರ್ಡಿಂಗ್ ಎಷ್ಟು ಕಾಲ ಇಡಬೇಕು ಎಂದು ಆರಿಸಬಹುದು: ಅಳಿಸುವವರೆಗೆ, 18 ತಿಂಗಳು, 3 ತಿಂಗಳು, ಅಥವಾ ಇಡಲೇಬೇಡ. ಕೊನೆಯದನ್ನು ಆರಿಸಿ. ಇದರಿಂದ ಕಳೆದುಕೊಳ್ಳುವುದು ದನಿ ಗುರುತಿಸಿ ವ್ಯಕ್ತಿಗೆ ತಕ್ಕ ಉತ್ತರ ಕೊಡುವ ವಾಯ್ಸ್ ಐಡಿಯನ್ನು. ಜೊತೆಗೆ ತಪ್ಪು ಎಚ್ಚರಗಳನ್ನು ಕೇಳಿ ಪರಿಶೀಲಿಸುವ ದಾರಿಯೂ ಮುಚ್ಚಿಹೋಗುತ್ತದೆ. ಅದಕ್ಕೇ ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸಿ ಇಲ್ಲಿಗೆ ಬನ್ನಿ ಎಂದದ್ದು. ಅದೇ ಪುಟದಲ್ಲಿ ಸ್ಮಾರ್ಟ್ ಹೋಮ್ ಸಾಧನಗಳ ಹಿಸ್ಟರಿಗೆ ಪ್ರತ್ಯೇಕ ಆಯ್ಕೆ ಇದೆ, ಅದನ್ನು ಮರೆಯಬೇಡಿ. ಯಾವ ಕೋಣೆಯ ದೀಪ ಎಷ್ಟು ಗಂಟೆಗೆ ಹೊತ್ತಿತು, ಆರಿತು ಎಂಬ ದಾಖಲೆ ನೋಡಿದರೆ ನೀವು ಮಲಗುವ, ಏಳುವ, ಊರಿಗೆ ಹೋಗುವ ಹೊತ್ತು ದನಿಯಿಲ್ಲದೆಯೇ ತಿಳಿಯುತ್ತದೆ.

'ಇಡಬೇಡ' ಎಂದರೆ 'ಕಳಿಸಬೇಡ' ಎಂದಲ್ಲ. ಕೆಲವು ಎಕೋ ಮಾದರಿಗಳಲ್ಲಿ ದನಿಯನ್ನು ಸಾಧನದಲ್ಲೇ ಬರಹಕ್ಕೆ ಇಳಿಸಿ, ಆಡಿಯೋ ಕಳಿಸದೇ ಇರುವ ಆಯ್ಕೆ ಒಂದಿತ್ತು. ಅಮೆಜಾನ್ 2025ರ ಮಾರ್ಚ್ 28ರಿಂದ ಅದನ್ನು ತೆಗೆದುಹಾಕಿತು. ಹಳೆಯ ಲೇಖನ, ವಿಡಿಯೋಗಳಲ್ಲಿ ಆ ಆಯ್ಕೆಯ ಪ್ರಸ್ತಾಪ ಇನ್ನೂ ಇದೆ, ಹುಡುಕಿ ಸುಸ್ತಾಗಬೇಡಿ.

ಮನುಷ್ಯರು ಕೇಳಿಸಿಕೊಳ್ಳುವ ವಿಚಾರಕ್ಕೆ ಬೇರೆಯೇ ಸ್ವಿಚ್ ಇದೆ. ಪ್ರೋಗ್ರಾಂನ ತಪ್ಪು ತಿದ್ದಲು ಸಿಬ್ಬಂದಿ ಮತ್ತು ಗುತ್ತಿಗೆದಾರರು ರೆಕಾರ್ಡಿಂಗ್ ಕೇಳುತ್ತಾರೆ ಎಂಬುದು 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಮೂರರ ಬಗ್ಗೆಯೂ ಒಂದರ ಹಿಂದೆ ಒಂದರಂತೆ ಹೊರಬಂತು. ಬೆಲ್ಜಿಯಂನ ಸುದ್ದಿಸಂಸ್ಥೆ ವಿಆರ್‌ಟಿ ಕೈಗೆ ಸಿಕ್ಕ ಗೂಗಲ್‌ನ ಸಾವಿರಕ್ಕೂ ಹೆಚ್ಚು ತುಣುಕುಗಳಲ್ಲಿ 153 ಯಾರೂ ಕರೆಯದೆ ಆದ ರೆಕಾರ್ಡಿಂಗ್‌ಗಳಾಗಿದ್ದವು. ಅಲೆಕ್ಸಾದಲ್ಲಿ 'ಹೆಲ್ಪ್ ಇಂಪ್ರೂವ್ ಅಲೆಕ್ಸಾ' ಒಳಗಿನ ದನಿ ಬಳಕೆಯ ಅನುಮತಿ ತೆಗೆಯಿರಿ. ಐಫೋನ್‌ನಲ್ಲಿ ಪ್ರೈವಸಿ ಸೆಟ್ಟಿಂಗ್‌ನ 'ಅನಲಿಟಿಕ್ಸ್ ಆ್ಯಂಡ್ ಇಂಪ್ರೂವ್‌ಮೆಂಟ್ಸ್' ಒಳಗೆ 'ಇಂಪ್ರೂವ್ ಸಿರಿ ಆ್ಯಂಡ್ ಡಿಕ್ಟೇಶನ್' ಆಫ್ ಮಾಡಿ, ಸಿರಿಯ ಸೆಟ್ಟಿಂಗ್‌ನಲ್ಲಿ ಹಿಸ್ಟರಿ ಅಳಿಸಿ.

ಗೂಗಲ್ ಖಾತೆಯಲ್ಲಿ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ತೆರೆದು ಅದರೊಳಗಿನ 'ವಾಯ್ಸ್ ಆ್ಯಂಡ್ ಆಡಿಯೋ ಆ್ಯಕ್ಟಿವಿಟಿ' ಗುರುತು ತೆಗೆಯಿರಿ, ತಾನೇ ಅಳಿಯುವ ಅವಧಿಯನ್ನು 3 ತಿಂಗಳಿಗೆ ಇಡಿ. ಇಲ್ಲಿ ಎರಡು ಕಡೆ ಎಡವುತ್ತಾರೆ. ಗುರುತು ತೆಗೆದರೆ ಮುಂದಿನದ್ದು ಮಾತ್ರ ನಿಲ್ಲುತ್ತದೆ, ಹಿಂದಿನದ್ದನ್ನು ಬೇರೆಯಾಗಿ ಅಳಿಸಬೇಕು. ಎರಡನೆಯದು, ಮನೆಯ ನಾಲ್ವರು ತಮ್ಮ ದನಿ ಜೋಡಿಸಿದ್ದರೆ ದಾಖಲೆ ನಾಲ್ಕು ಖಾತೆಗಳಲ್ಲಿ ಹಂಚಿಹೋಗಿರುತ್ತದೆ. ನಿಮ್ಮ ಖಾತೆಯನ್ನು ಚೊಕ್ಕ ಮಾಡಿದ ಮಾತ್ರಕ್ಕೆ ಮನೆ ಚೊಕ್ಕವಾಗಲಿಲ್ಲ. ನೆಂಟರು ಬಂದಾಗ 'ಗೆಸ್ಟ್ ಮೋಡ್' ಚಾಲೂ ಮಾಡಿದರೆ ಅವರ ಮಾತು ನಿಮ್ಮ ಖಾತೆಯಲ್ಲಿ ಉಳಿಯುವುದಿಲ್ಲ.

ಅಳಿಸಿದ್ದು ನಿಜವಾಗಿ ಅಳಿದಿದೆಯೇ ಎಂಬ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಮಕ್ಕಳ ದನಿಯನ್ನು ಅನಗತ್ಯವಾಗಿ ಇಟ್ಟುಕೊಂಡದ್ದಕ್ಕೆ, ಹೆತ್ತವರು ಅಳಿಸಲು ಹೇಳಿದ ಮೇಲೂ ಅದರ ಬರಹರೂಪ ಎಲ್ಲ ಕಡೆಯಿಂದ ಅಳಿಸದೇ ಇದ್ದದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಆರೋಪ ಹೊರಿಸಿತು, 2.5 ಕೋಟಿ ಡಾಲರ್ ದಂಡಕ್ಕೆ ಕಂಪನಿ ಒಪ್ಪಿತು.

ಸ್ಪೀಕರ್‌ಗೆ ಏನೇನು ಜೋಡಿಸಿದ್ದೀರಿ

ಸ್ಕಿಲ್ ಎಂದು ಕರೆಯುವ ಹೊರಗಿನವರ ಪ್ರೋಗ್ರಾಂಗಳನ್ನು ಒಮ್ಮೆ ಪೂರ್ತಿ ಸೋಸಿ. 2019ರಲ್ಲಿ ಜರ್ಮನಿಯ ಎಸ್‌ಆರ್‌ ಲ್ಯಾಬ್ಸ್ ಸಂಶೋಧಕರು ಮಾಡಿ ತೋರಿಸಿದ್ದು ಹೀಗಿತ್ತು: ಸ್ಕಿಲ್ ಮುಗಿಯಿತು ಎಂಬಂತೆ ನಟಿಸುತ್ತದೆ, ಉಚ್ಚರಿಸಲಾಗದ ಅಕ್ಷರಗಳನ್ನು 'ಓದುತ್ತಾ' ಸುಮ್ಮನಿರುತ್ತದೆ, ಆಮೇಲೆ ಅಪ್‌ಡೇಟ್ ಇದೆ, ಪಾಸ್‌ವರ್ಡ್ ಹೇಳಿ ಎನ್ನುತ್ತದೆ. ಪಾಸ್‌ವರ್ಡನ್ನು ಬಾಯಲ್ಲಿ ಹೇಳು ಎಂದು ಯಾವ ಸ್ಪೀಕರ್ ಕೇಳಿದರೂ ಅದು ಮೋಸ. ಮಕ್ಕಳಿಗೂ ಹಿರಿಯರಿಗೂ ಈ ಒಂದು ಮಾತು ಹೇಳಿಕೊಟ್ಟಿರಿ.

ಕಾಂಟ್ಯಾಕ್ಟ್ ಜೋಡಣೆ ಬೇಕಿಲ್ಲದಿದ್ದರೆ ತೆಗೆಯಿರಿ. 'ಡ್ರಾಪ್ ಇನ್' ಚಾಲೂ ಇದ್ದರೆ ಅನುಮತಿ ಪಡೆದವರು ನೀವು ಕರೆ ಎತ್ತದೆಯೇ ಕೋಣೆಯ ಮಾತು ಕೇಳಬಹುದು. ಪ್ರತಿ ಸಾಧನದಲ್ಲೂ ಅದನ್ನು ಆಫ್ ಮಾಡಿ, ಅಥವಾ ಮನೆಯ ಸಾಧನಗಳಿಗಷ್ಟೇ ಸೀಮಿತಗೊಳಿಸಿ. ಸಂಬಂಧ ಹಳಸಿ ಬೇರೆಯಾದವರ ಖಾತೆ ಇನ್ನೂ ಜೋಡಣೆಯಲ್ಲಿ ಉಳಿದಿದ್ದರೆ ಇದು ಬರೀ ಕಿರಿಕಿರಿಯ ವಿಷಯವಲ್ಲ. ದನಿಯಲ್ಲೇ ಖರೀದಿಸುವ ಸೌಲಭ್ಯವನ್ನು ಆಫ್ ಮಾಡಿಡಿ. ಬೀಗ ತೆರೆಯುವುದನ್ನು ದನಿಗೆ ಕೊಡಬೇಡಿ. ಪಿನ್ ಇದೆಯಲ್ಲ ಎನ್ನಬಹುದು, ಆದರೆ ಗಟ್ಟಿಯಾಗಿ ಹೇಳುವ ಪಿನ್ ಕೋಣೆಯಲ್ಲಿರುವವರಿಗೆಲ್ಲ ಗೊತ್ತಿರುವ ಪಿನ್.

ಟಿವಿಯೂ ಈ ಲೆಕ್ಕಕ್ಕೆ ಬರುತ್ತದೆ. ರಿಮೋಟ್‌ನಲ್ಲಿ ಗುಂಡಿ ಒತ್ತಿ ಹಿಡಿದಾಗ ಮಾತ್ರ ಕೇಳುವ ಮಾದರಿಗಳು ವಾಸಿ. ಕೈ ಬಳಸದೆ ಕರೆಯುವ ಸೌಲಭ್ಯವಿದ್ದರೆ ಟಿವಿಯ ಕೆಳ ಅಂಚಿನಲ್ಲಿ ಮೈಕ್ ಸ್ವಿಚ್ ಇದೆಯೇ ಎಂದು ತಡವಿ ನೋಡಿ.

ರೌಟರ್‌ನಲ್ಲಿ ಲೆಕ್ಕ ಹಾಕುವುದು

ಇಡೀ ದಿನ ಕದ್ದು ಕಳಿಸುತ್ತಿದೆಯೇನೋ ಎಂಬ ಭಯಕ್ಕೆ ಸುಲಭದ ಪರೀಕ್ಷೆಯಿದೆ. ಸಾಧನವಾರು ಡೇಟಾ ತೋರಿಸುವ ರೌಟರ್ ಬೇಕು. ಮಾತಿನ ಆಡಿಯೋವನ್ನು ಕುಗ್ಗಿಸಿ ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿದರೆ, ಅಂದರೆ 3 ಕಿಲೋಬೈಟ್‌ಗೆ, 24 ಗಂಟೆಗೆ ಸುಮಾರು 260 ಎಂಬಿ ಆಗುತ್ತದೆ. ತೀರಾ ಹಿಂಡಿ 6 ಕಿಲೋಬಿಟ್‌ಗೆ ತಂದರೂ 65 ಎಂಬಿ. ಯಾರೂ ಸ್ಪೀಕರ್ ಬಳಸದ ಒಂದು ದಿನ, ಪಕ್ಕದಲ್ಲಿ ರೇಡಿಯೋ ಮಾತು ಹಚ್ಚಿಟ್ಟು, ಅದರ ಅಪ್‌ಲೋಡ್ ಲೆಕ್ಕ ನೋಡಿ. ಡೌನ್‌ಲೋಡ್ ನೋಡಬೇಡಿ, ಅದರಲ್ಲಿ ಅಪ್‌ಡೇಟ್‌ಗಳು ಸೇರಿ ಗೊಂದಲವಾಗುತ್ತದೆ. ಮರುದಿನ ರೇಡಿಯೋ ಇಲ್ಲದೆ ಅದೇ ಅಳತೆ ಮಾಡಿ ಎರಡನ್ನೂ ಹೋಲಿಸಿ. ಈ ಪರೀಕ್ಷೆಗೆ ಒಂದು ಮಿತಿ ಇದೆ. ತಪ್ಪಾಗಿ ಎದ್ದು 10 ಸೆಕೆಂಡು ಕಳಿಸಿದ್ದು ಬರೀ 30 ಕಿಲೋಬೈಟ್, ಮಾಮೂಲಿ ಸಂಪರ್ಕದ ಸದ್ದುಗದ್ದಲದಲ್ಲಿ ಅದು ಕಾಣುವುದೇ ಇಲ್ಲ. ನಿರಂತರ ಸೋರಿಕೆಯನ್ನು ರೌಟರ್ ಹಿಡಿಯುತ್ತದೆ, ಹನಿ ಸೋರಿಕೆಯನ್ನು ಹಿಸ್ಟರಿ ಮಾತ್ರ ಹಿಡಿಯುತ್ತದೆ.

ಸ್ಪೀಕರ್, ಬಲ್ಬು, ಟಿವಿಗಳನ್ನೆಲ್ಲ ಗೆಸ್ಟ್ ವೈಫೈಗೆ, ಅಂದರೆ ರೌಟರ್‌ನಲ್ಲಿ ನೆಂಟರಿಗೆಂದು ಇರುವ ಪ್ರತ್ಯೇಕ ವೈಫೈಗೆ, ಹಾಕುವುದು ಒಳ್ಳೆಯದು. ನಿಮ್ಮ ಲ್ಯಾಪ್‌ಟಾಪ್, ಫೈಲುಗಳು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಆದರೆ ಗೆಸ್ಟ್ ವೈಫೈನಲ್ಲಿ ಸಾಧನಗಳು ಪರಸ್ಪರ ಕಾಣದಂತೆ ತಡೆಯುವ ಐಸೊಲೇಶನ್ ಇದ್ದರೆ ಫೋನಿನಲ್ಲಿರುವ ವಿಡಿಯೋವನ್ನು ಟಿವಿಗೆ ಕಳಿಸಿ ನೋಡುವುದು, ಅಂದರೆ ಕಾಸ್ಟ್ ಮಾಡುವುದು, ನಿಲ್ಲುತ್ತದೆ, ಹೊಸ ಬಲ್ಬು ಜೋಡಿಸುವಾಗ ಅರ್ಧಕ್ಕೆ ಕೈಕೊಡುತ್ತದೆ. ಜೋಡಿಸುವ ಹೊತ್ತಿಗೆ ಫೋನನ್ನೂ ಗೆಸ್ಟ್ ವೈಫೈಗೆ ತಂದು, ಐಸೊಲೇಶನ್ ಆಫ್ ಮಾಡಿ, ಮುಗಿದ ಮೇಲೆ ಮತ್ತೆ ಹಚ್ಚಿ.

ದನಿ ಮನೆ ಬಿಟ್ಟು ಹೋಗಲೇಬಾರದು ಎನ್ನುವವರಿಗೆ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶದ ದಾರಿ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಅದರ 'ವಾಯ್ಸ್ ಪ್ರಿವ್ಯೂ ಎಡಿಷನ್' ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಮೈಕ್ ಕಡಿಯುವ ಸ್ವಿಚ್ ಇದೆ. ಮಾತನ್ನು ಬರಹಕ್ಕೆ ಇಳಿಸುವ ವಿಸ್ಪರ್ ಎಂಬ ಪ್ರೋಗ್ರಾಂ ಮನೆಯ ಕಂಪ್ಯೂಟರ್‌ನಲ್ಲೇ ಓಡುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಕಡಿಮೆ ಶಕ್ತಿಯ ಪುಟ್ಟ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಒಂದು ಆದೇಶಕ್ಕೆ ಹಲವು ಸೆಕೆಂಡು ಕಾಯಬೇಕು, ದೀಪ ಹಚ್ಚಲು ಎದ್ದು ಹೋಗುವುದೇ ಬೇಗ ಅನಿಸುತ್ತದೆ. ಇಂಟೆಲ್ ಪ್ರೊಸೆಸರ್‌ನ ಪುಟ್ಟ ಕಂಪ್ಯೂಟರ್ ಇದ್ದರೆ ಆ ಕಾಯುವಿಕೆ ಬಹುಮಟ್ಟಿಗೆ ತಪ್ಪುತ್ತದೆ.

ಕೊಡುವ, ಮಾರುವ ಮೊದಲು

2021ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಬಳಸಿದ ಎಕೋ ಡಾಟ್‌ಗಳನ್ನು ಕೊಂಡು ಬಿಚ್ಚಿ ನೋಡಿದರು. ಅರ್ಧಕ್ಕಿಂತ ಹೆಚ್ಚಿನವನ್ನು ರೀಸೆಟ್ ಮಾಡದೆಯೇ ಮಾರಲಾಗಿತ್ತು. ರೀಸೆಟ್ ಮಾಡಿದವುಗಳ ಚಿಪ್ಪಿನಲ್ಲೂ ವೈಫೈ ಪಾಸ್‌ವರ್ಡ್‌ನಂಥ ಹಳೆಯ ಮಾಹಿತಿಯನ್ನು ಮತ್ತೆ ಓದಲು ಸಾಧ್ಯವಾಯಿತು. ಫ್ಲ್ಯಾಶ್ ಮೆಮೊರಿ ಸವೆಯದಿರಲೆಂದು ಹೊಸ ಬರಹವನ್ನು ಬೇರೆ ಬೇರೆ ಜಾಗಕ್ಕೆ ಹಾಕುತ್ತದೆ, ಹಳೆಯದು ತಕ್ಷಣ ಅಳಿಯುವುದಿಲ್ಲ, ಅದೇ ಕಾರಣ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಹಿಸ್ಟರಿ ಪೂರ್ತಿ ಅಳಿಸಿ. ಆಮೇಲೆ ಆ್ಯಪ್‌ನಿಂದ ಸಾಧನದ ನೋಂದಣಿ ತೆಗೆಯಿರಿ. ಆಮೇಲೆ ಸಾಧನವನ್ನೇ ರೀಸೆಟ್ ಮಾಡಿ: ಎಕೋ ಡಾಟ್ 3ನೇ ತಲೆಮಾರಿನದ್ದಾದರೆ ಆ್ಯಕ್ಷನ್ ಗುಂಡಿಯನ್ನು 25 ಸೆಕೆಂಡು ಒತ್ತಿ ಹಿಡಿಯಬೇಕು. ನೆಸ್ಟ್ ಮಿನಿಯಲ್ಲಿ ಮೈಕ್ ಸ್ವಿಚ್ ಆಫ್ ಮಾಡಿ, ಮೇಲಿನ ನಡುಭಾಗವನ್ನು 15 ಸೆಕೆಂಡು, ಸದ್ದು ಕೇಳುವವರೆಗೆ ಒತ್ತಿ ಹಿಡಿಯಿರಿ. ನಡುವೆ ಬೆರಳು ಸರಿದರೆ ಮೊದಲಿನಿಂದ. ಕೊನೆಗೆ ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ. ಸ್ಪೀಕರ್ ಮೊದಲೇ ಗೆಸ್ಟ್ ವೈಫೈನಲ್ಲಿದ್ದರೆ ಬದಲಿಸಬೇಕಾದದ್ದು ಆ ಒಂದು ಪಾಸ್‌ವರ್ಡ್ ಮಾತ್ರ.